ಮಿನುಗುವ ಉಡುಪಿಗೆ ಎಂತಹ ಓಲೆ?

ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬ ಕಳೆದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಯ ಕಾಲ ಆರಂಭವಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಕಥೋಲಿಕ ಕುಟುಂಬಗಳಲ್ಲಿ ಈಗ ವಧುವಿಗೆ ಎರಡು ಉಡುಪು. ಬೆಳಿಗ್ಗೆ ಬಲಿಪೂಜೆಗೆ ಬಿಳಿಯ ಸೀರೆ ಅಥವಾ ಗೌನು. ಸಂಜೆ ಆರತಕ್ಷತೆಗೆ ಚಮಕಿಯಿಂದ ಮಿನುಗುವ ಇನ್ನೊಂದು. ಬೆಳಗಿನ ಉಡುಪಿನ ಬಗ್ಗೆ ಮನೆಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಸಂಜೆಯ ಉಡುಪಿಗೆ ಕಿವಿಗೆ ಏನು ಹಾಕಬೇಕೆಂಬಲ್ಲಿ ಮಾತ್ರ ತಾಯಿ ಮಗಳ ಮಾತು ನಿಲ್ಲುವುದುಂಟು.

ಪಾದ್ರಿಗಳಿಗೇಕೆ ಕಿವಿಯೋಲೆಯ ಚಿಂತೆ ಎಂದು ಓದುಗರು ನಗಬಹುದು. ಹಲವು ವರ್ಷಗಳ ಹಿಂದೆ, ನಾಗಮಂಗಲದ ಕಡೆ ಸೇವೆಯಲ್ಲಿದ್ದಾಗ, ಒಂದು ಭಾನುವಾರ ನಾವು ಒಡವೆಯ ಮೋಹವನ್ನು ಕಟುವಾಗಿ ಖಂಡಿಸಿ ಪ್ರಬೋಧನೆ ನೀಡಿದೆವು. ಪೂಜೆಯ ಬಳಿಕ ಮಾತನಾಡಿಸಲು ಬಂದ ಒಬ್ಬ ತಾಯಿಯ ಕಿವಿಯಲ್ಲಿ ಓಲೆಯಿರಲಿಲ್ಲ. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದರು. ಮಗನ ಶುಲ್ಕಕ್ಕಾಗಿ ಓಲೆ ಗಿರವಿಗೆ ಹೋಗಿತ್ತು. ಅಂದು ನಮಗೆ ನಾಚಿಕೆಯಾಯಿತು. ನಮ್ಮ ಮನೆಗಳಲ್ಲಿ ಓಲೆಯೆಂದರೆ ಶೃಂಗಾರ ಮಾತ್ರವಲ್ಲ, ಕಷ್ಟಕಾಲದ ಉಳಿತಾಯವೂ ಹೌದು. ಆದ್ದರಿಂದ ಅದರ ಆಯ್ಕೆಯನ್ನು ಹಗುರವಾಗಿ ಕಾಣುವಂತಿಲ್ಲ.

ಓಲೆ ಎಂಬ ಪದವನ್ನೇ ನೋಡೋಣ. ಅದರ ಮೊದಲ ಅರ್ಥ ತಾಳೆಯ ಗರಿ. ಅದರ ಮೇಲೆ ಬರೆದರೆ ಪತ್ರ. ಸುರುಳಿ ಸುತ್ತಿ ಕಿವಿಗೆ ತೊಟ್ಟರೆ ಆಭರಣ. ಗರಿಯ ಸ್ಥಾನಕ್ಕೆ ಮುಂದೆ ಚಿನ್ನ ಬಂದರೂ ಹೆಸರು ಬದಲಾಗಲಿಲ್ಲ. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರು ಈ ನಾಡಿನ ಆಚಾರ ವಿಚಾರಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಸ್ತ್ರೀಯರ ಕಿವಿ ಮೂಗುಗಳ ಆಭರಣಗಳ ವಿಷಯವನ್ನೂ ಬಿಡಲಿಲ್ಲ. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅವರಿಗೆ ಯೋಗ್ಯವೆನಿಸಿದ ವಿಷಯ ನಮಗೂ ಅಯೋಗ್ಯವಾಗಲಾರದು.

ಈಚೆಗೆ ಕೆ.ಆರ್. ಪೇಟೆಯ ಕಡೆಯ ಒಂದು ರೈತ ಕುಟುಂಬದಲ್ಲಿ ಈ ಪ್ರಶ್ನೆ ನಮ್ಮ ಮುಂದೆ ಬಂತು. ಬೆಂಗಳೂರಿನಲ್ಲಿ ದಾದಿಯಾಗಿರುವ ಮಗಳು ತನ್ನ ಸಂಬಳದಲ್ಲೇ ಸಂಜೆಯ ಗೌನನ್ನು ಕೊಂಡಿದ್ದಳು. ಕುತ್ತಿಗೆಯವರೆಗೆ ಮುಚ್ಚಿದ, ಹೊಂಬಣ್ಣದ ಚಮಕಿ ತುಂಬಿದ ಉಡುಪು. ಇಷ್ಟು ಮಿನುಗುವ ಬಟ್ಟೆಗೆ ಅಷ್ಟೇ ಮಿನುಗುವ ಕಲ್ಲಿನ ಜುಮುಕಿ ಬೇಕೆಂಬುದು ತಾಯಿಯ ಹಟ. ಗಂಡಿನ ಮನೆಯವರು ನೋಡುತ್ತಾರಲ್ಲ! ಕಬ್ಬಿನ ಹಣ ಕೈಗೆ ಬಂದಿರಲಿಲ್ಲ. ಬಡ್ಡಿಗೆ ಸಾಲ ತರಲೇ ಎಂದು ಕೇಳಲು ತಂದೆ ನಮ್ಮ ಬಳಿಗೆ ಬಂದಿದ್ದರು. ಉತ್ತರ ಹೇಳುವ ಮೊದಲು ಮನೆಗೆ ಬಂದು ನೋಡುತ್ತೇವೆ ಎಂದೆವು.

ಸೌಂದರ್ಯಕ್ಕೆ ಮೂರು ಲಕ್ಷಣಗಳಿವೆಯೆಂದು ಸಂತ ಥಾಮಸ್ ಅಕ್ವಿನಾಸರು ಹೇಳುತ್ತಾರೆ: ಪೂರ್ಣತೆ, ಪ್ರಮಾಣ ಮತ್ತು ಕಾಂತಿ. ಸೆಮಿನರಿಯಲ್ಲಿ ಇದನ್ನು ಓದಿದಾಗ ಓಲೆಯ ಆಯ್ಕೆಗೆ ಉಪಯೋಗವಾದೀತೆಂದು ನಾವು ಎಣಿಸಿರಲಿಲ್ಲ. ಅಕ್ವಿನಾಸರು ಬದುಕಿದ್ದ 13ನೆಯ ಶತಮಾನದಲ್ಲೇ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನ ಹೊಯ್ಸಳ ದೇವಾಲಯವೂ ನಿರ್ಮಾಣವಾಯಿತು. ಅಲ್ಲಿನ ಶಿಲ್ಪಗಳನ್ನು ಗಮನಿಸಿ. ಮೈಮೇಲಿನ ವಸ್ತ್ರ ತೆಳು, ಒಡವೆ ಹೇರಳ. ಕಿವಿಯ ಕುಂಡಲ ದೊಡ್ಡದಿದ್ದರೂ ಕಣ್ಣಿಗೆ ಭಾರವೆನಿಸದು. ಅಲ್ಲಿ ಅಲಂಕಾರದ ಕೆಲಸವೆಲ್ಲ ಒಡವೆಯದೇ. ಚಮಕಿಯ ಗೌನಿನಲ್ಲಿ ಆ ಕೆಲಸವನ್ನು ಬಟ್ಟೆಯೇ ಮಾಡಿ ಮುಗಿಸಿರುತ್ತದೆ. ಮತ್ತೆ ಒಡವೆಯೂ ಅದನ್ನೇ ಮಾಡಹೊರಟರೆ ಪ್ರಮಾಣ ಕೆಡುತ್ತದೆ.

ಮೊದಲು ಕಾಂತಿಯ ಮಾತು. ಒಂದೊಂದು ಚಮಕಿಯೂ ಒಂದು ಪುಟ್ಟ ಕನ್ನಡಿ. ವಿಡಿಯೊ ದೀಪದ ಕೆಳಗೆ ಸಾವಿರಾರು ಕನ್ನಡಿಗಳು ಒಟ್ಟಿಗೆ ಹೊಳೆಯುವಾಗ ಪಕ್ಕದಲ್ಲಿನ ಕಲ್ಲಿನ ಓಲೆಯ ಮಿಂಚು ಕಳೆದುಹೋಗುತ್ತದೆ. ಮುತ್ತಿನ ಮತ್ತು ನಯವಾದ ಚಿನ್ನದ ಬೆಳಕು ಬೇರೆ ಜಾತಿಯದು. ಅದು ಮಿಣುಕುವುದಿಲ್ಲ, ತಂಪಾಗಿ ನಿಲ್ಲುತ್ತದೆ. ಆದಕಾರಣ ಮಿನುಗುವ ಬಟ್ಟೆಗೆ ಮುತ್ತು, ಸಾದಾ ಚಿನ್ನ ಅಥವಾ ಸಣ್ಣ ಕಲ್ಲಿನ ಓಲೆ ಲೇಸು. ಚಮಕಿ ಬೆಳ್ಳಿಯ ಬಣ್ಣದ್ದಾದರೆ ಬಿಳಿ ಲೋಹ ಅಥವಾ ಮುತ್ತು, ಹೊಂಬಣ್ಣದ್ದಾದರೆ ಚಿನ್ನ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವರ್ಷಕ್ಕೊಮ್ಮೆ ರಾತ್ರಿ ನಡೆಯುವ ವೈರಮುಡಿ ಉತ್ಸವವನ್ನು ಕಂಡವರು ಬಲ್ಲರು: ಎಲ್ಲರ ಕಣ್ಣೂ ಹೋಗುವುದು ಆ ಒಂದು ಕಿರೀಟದತ್ತ. ಕಣ್ಣಿಗೆ ನೆಲೆ ನಿಲ್ಲಲು ಒಂದೇ ಎಡೆ ಸಾಕು. ಆರತಕ್ಷತೆಯಲ್ಲಿ ಆ ಎಡೆ ವಧುವಿನ ಮುಖವಾಗಿರಬೇಕು.

ಎರಡನೆಯದು ಪ್ರಮಾಣ. ಉಡುಪಿನ ಕೊರಳು ಅಗಲವಾಗಿ ತೆರೆದಿದ್ದು ಹಾರವಿಲ್ಲದಿದ್ದರೆ ತೂಗಾಡುವ ಓಲೆಗೆ ಅಲ್ಲಿ ಸ್ಥಳವಿದೆ. ಕೊರಳು ಮುಚ್ಚಿದ್ದು ಕಸೂತಿಯಿಂದ ತುಂಬಿದ್ದರೆ ಕಿವಿಗೆ ಅಂಟಿ ಕೂರುವ ಬೆಂಡೋಲೆಯಂಥದೇ ಸರಿ. ಕೂದಲನ್ನು ಎತ್ತಿ ತುರುಬು ಕಟ್ಟಿದರೆ ಸಣ್ಣ ಓಲೆಯೂ ಕಾಣುತ್ತದೆ. ಬಿಟ್ಟ ಕೂದಲಿಗೆ ಉದ್ದನೆಯದು ಸಿಕ್ಕಿಕೊಳ್ಳುತ್ತದೆ. ಹೆಗಲ ಮೇಲಿನ ಬಲೆಬಟ್ಟೆಗೆ ಜುಮುಕಿಯ ತುದಿ ತಗುಲಿ ವಧು ಕತ್ತು ತಿರುಗಿಸಲಾಗದೆ ನಿಂತದ್ದನ್ನು ನಾವೇ ಕಂಡಿದ್ದೇವೆ.

ಮೂರನೆಯದು ಪೂರ್ಣತೆ. ಉಟ್ಟವಳ ನೆಮ್ಮದಿ ಸೇರದೆ ಅಲಂಕಾರ ಪೂರ್ಣವಾಗದು. ಕಿವಿಯ ಹಾಲೆಯಲ್ಲಿ ಮೂಳೆಯೂ ಇಲ್ಲ, ಮೃದ್ವಸ್ಥಿಯೂ ಇಲ್ಲ; ಗಂಟೆಗಟ್ಟಲೆ ಭಾರ ಎಳೆದರೆ ತೂತು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ನಮ್ಮ ಹಿರಿಯರು ಇದನ್ನರಿತೇ ಭಾರದ ಜುಮುಕಿಗೆ ಮಾಟಿ ಕಟ್ಟಿ ತೂಕವನ್ನು ಕೂದಲಿಗೆ ಹಂಚುತ್ತಿದ್ದರು. ಅಗ್ಗದ ಫ್ಯಾನ್ಸಿ ಓಲೆಗಳಲ್ಲಿ ನಿಕ್ಕಲ್ ಬೆರೆತಿದ್ದರೆ ಕೆಲವರ ಕಿವಿ ಕೆಂಪಾಗಿ ತುರಿಸುತ್ತದೆ. ಆದ್ದರಿಂದ ಮದುವೆಗೆ ಕೆಲವು ದಿನ ಮೊದಲೇ ಒಂದು ಸಂಜೆ ಉಡುಪು ಓಲೆಗಳನ್ನು ಒಟ್ಟಿಗೆ ತೊಟ್ಟು, ದೀಪ ಹಚ್ಚಿ, ಒಂದು ಗಂಟೆ ಕೂತು ಎದ್ದು ನೋಡಬೇಕು. ಅಂಗಡಿಯ ಬೆಳಕಿನಲ್ಲಿ, ಹಗಲಿನ ಬಟ್ಟೆಯಲ್ಲಿ ಮಾಡಿದ ಆಯ್ಕೆ ಮನೆಯಲ್ಲಿ ಮೋಸ ಹೋಗುವುದು ಸಹಜ.

ಕೆ.ಆರ್. ಪೇಟೆಯ ಆ ಮನೆಯಲ್ಲೂ ಹೀಗೆಯೇ ಮಾಡಿಸಿದೆವು. ಮಗಳು ಗೌನು ತೊಟ್ಟು, ಬಂಧುವೊಬ್ಬರಿಂದ ಎರವಲು ತಂದ ಕಲ್ಲಿನ ಜುಮುಕಿ ಧರಿಸಿ ಬಲ್ಬಿನ ಕೆಳಗೆ ನಿಂತಳು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಬಹಳ ಹೊತ್ತು ನೋಡಿ, “ಎಲ್ಲಾ ಮಿಣಮಿಣ ಅಂತದೆ ಕಣ್ ಮಗಾ, ನಿನ್ನ ಮೊಕವೇ ಕಾಣಾಕಿಲ್ಲ” ಎಂದರು. ನಮ್ಮ ತತ್ತ್ವಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿತ್ತು. ಬಳಿಕ ಅವರೇ ಎದ್ದು ಪೆಟ್ಟಿಗೆಯಿಂದ ತಮ್ಮ ಮದುವೆಯ ಬೆಂಡೋಲೆ ತೆಗೆದರು. ಕಲ್ಲುಗಳು ಹಳತಾಗಿ ಮಂಕಾಗಿದ್ದವು. ಮಗಳು ತೊಟ್ಟು ತಿರುಗಿದಾಗ ಗೌನು ಹಿಂದೆ ಸರಿಯಿತು, ಮುಖ ಮುಂದೆ ಬಂತು. ತಾಯಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, “ತಿರುಪು ಸಡಿಲಾಗದೆ, ಅಕ್ಕಸಾಲಿಗರ ತಾವ ಬಿಗಿ ಮಾಡಿಸ್ಬೇಕು” ಎಂದರು. ಸಾಲದ ಮಾತು ಮತ್ತೆ ಏಳಲಿಲ್ಲ.

ಎಲ್ಲ ಮನೆಗಳಲ್ಲೂ ಅಜ್ಜಿಯ ಬೆಂಡೋಲೆ ಇರುವುದಿಲ್ಲ. ಹೊಸದನ್ನು ಕೊಳ್ಳಲೇಬೇಕಾದವರು ಕೊಳ್ಳಲಿ. ಅದರಲ್ಲಿ ತಪ್ಪೇನೂ ಇಲ್ಲ. ದೋಷವಿರುವುದು ವಸ್ತುವಿನಲ್ಲಲ್ಲ, ಮಿತಿಮೀರಿದ ಬಳಕೆಯಲ್ಲಿ ಎಂಬುದೇ ಉಡುಪಿನ ಕುರಿತು ಅಕ್ವಿನಾಸರ ನಿಲುವು. ಆದರೆ ಕೊಳ್ಳುವಾಗ ಕಲ್ಲಿನ ತೂಕವನ್ನು ಚಿನ್ನದ ತೂಕದಿಂದ ಬೇರ್ಪಡಿಸಿ ಬರೆಸಿಕೊಳ್ಳಿರಿ. 22 ಕ್ಯಾರೆಟ್ ಎಂಬುದಕ್ಕೆ 916ರ ಹಾಲ್‌ಮಾರ್ಕ್ ಮುದ್ರೆಯನ್ನೂ, ಹಾಲ್‌ಮಾರ್ಕ್ ಆಭರಣಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ ಅಂಕಿಗಳ ಗುರುತನ್ನೂ ನೋಡಿರಿ. ಮಾರುವಾಗ ಮಜೂರಿಯ ಹಣ ಮರಳಿ ಬಾರದು. ಕುಸುರಿ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಸಾದಾ ಓಲೆ ಮಿನುಗುವ ಉಡುಪಿಗೆ ಒಪ್ಪುವುದಲ್ಲದೆ, ಭಾನುವಾರದ ಪೂಜೆಗೂ ಕೆಲಸಕ್ಕೆ ಹೋಗುವಾಗಲೂ ತೊಡಲು ಬರುತ್ತದೆ. ಚಮಕಿಯ ಗೌನು ಎರಡನೆಯ ಬಾರಿ ಹೊರಬರುವುದು ಅಪರೂಪ.

ಈ ವರ್ಷ ಮದುವೆಯ ಸಿದ್ಧತೆಯಲ್ಲಿರುವ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೇ. ಗಂಡಿನ ಮನೆಯವರು ಏನೆಂದಾರು ಎಂಬುದನ್ನು ಅಳತೆಗೋಲು ಮಾಡಿಕೊಳ್ಳಬೇಡಿರಿ. ಗಂಡಿನ ಮನೆಯ ಹಿರಿಯರೂ ಬಂದ ಸೊಸೆಯ ಕಿವಿಯನ್ನು ತೂಗುವ ಅಭ್ಯಾಸವನ್ನು ಬಿಡಬೇಕು. ಮಗಳನ್ನು ದೀಪದ ಕೆಳಗೆ ನಿಲ್ಲಿಸಿ, ಮನೆಯ ಹಿರಿಯಳೊಬ್ಬಳನ್ನು ಕೂರಿಸಿ, ಮುಖ ಕಾಣುತ್ತಿದೆಯೇ ಎಂದು ಕೇಳಿರಿ. ಕಾಣುತ್ತಿದ್ದರೆ ಓಲೆ ಸರಿಯಾಗಿದೆ. ಮದುವೆಯ ಮರುವಾರವೂ ಅದು ಗಿರವಿ ಅಂಗಡಿಯಲ್ಲಿರದೆ ಅವಳ ಕಿವಿಯಲ್ಲೇ ಇರುವಂತಾಗಲಿ.