ಹಿಮದ ನಾಡಿನಲ್ಲಿ ತಗಡಿನ ಮಾಡು

ಶಿಮ್ಲೆಯಂತಹ ಗಿರಿನಗರಗಳಲ್ಲಿ ಮನೆಯ ಮಾಡುಗಳು ಇಳಿಜಾರಾಗಿರುವುದು ಅಂದಕ್ಕಾಗಿ ಅಲ್ಲ. ಬಿದ್ದ ಹಿಮವು ನಿಲ್ಲದೆ ಜಾರಿಹೋಗಲೆಂದು. ಈ ಕೆಲಸಕ್ಕೆ ನುಣುಪಾದ ಲೋಹದ ತಗಡು ಬಹು ಯೋಗ್ಯವಾದುದು. ಆದರೆ ಯಾವ ತಗಡನ್ನು ಆರಿಸಬೇಕೆಂಬುದೇ ವಿಚಾರ.

ಬರಿಯ ಉಕ್ಕು ತುಕ್ಕುಹಿಡಿಯುವುದು. ಅದಕ್ಕೆ ಸತುವಿನ ಲೇಪವಿದ್ದರೆ, ಸತುವು ತಾನು ಸವೆದು ಉಕ್ಕನ್ನು ಕಾಯುವುದು; ಲೇಪವು ದಪ್ಪನಾದಷ್ಟೂ ಮಾಡಿನ ಆಯುಸ್ಸು ಹೆಚ್ಚು. ಅಲ್ಯೂಮಿನಿಯಂ ಹಗುರವಾದುದು, ತುಕ್ಕಿನ ಭಯವೂ ಇಲ್ಲ; ಆದರೆ ಶಾಖಕ್ಕೆ ಉಕ್ಕಿನ ಸುಮಾರು ಇಮ್ಮಡಿ ಹಿಗ್ಗುವುದು. ಇರುಳಿನ ಚಳಿಗೂ ಹಗಲಿನ ಬಿಸಿಲಿಗೂ ತಗಡಿನ ಶಾಖದಲ್ಲಿ 50 ಸೆಂಟಿಗ್ರೇಡ್ ಡಿಗ್ರಿಗಳ ಅಂತರವಾದರೆ, 10 ಮೀಟರು ಉದ್ದದ ಉಕ್ಕು ಸುಮಾರು 6 ಮಿಲಿಮೀಟರು, ಅಲ್ಯೂಮಿನಿಯಂ ಸುಮಾರು 12 ಮಿಲಿಮೀಟರು ಬೆಳೆಯುವುದು. ಈ ಚಲನೆಗೆ ಎಡೆಗೊಡದೆ ಬಿಗಿದರೆ ಮೊಳೆಯ ರಂಧ್ರಗಳು ಹರಿದು ಮಾಡು ಸೋರುವುದು.

ಇದಕ್ಕಿಂತ ಗೂಢವಾದ ಶತ್ರುವು ಮನೆಯೊಳಗೇ ಇದೆ. ಒಲೆಯ ಹಬೆಯೂ ಉಸಿರಿನ ತೇವವೂ ತಣ್ಣನೆಯ ತಗಡಿನ ಅಡಿಗೆ ತಗುಲಿ, ನೀರಾಗಿ ತೊಟ್ಟಿಕ್ಕಿ, ಮರದ ತೊಲೆಗಳನ್ನು ಕೊಳೆಯಿಸುವುವು. ಹಬೆ ನುಸುಳದ ಒಳಮುಚ್ಚಿಗೆ, ಅದರ ಮೇಲೆ ಶಾಖವನ್ನು ತಡೆಯುವ ಪದರ, ಆ ಪದರಕ್ಕೂ ತಗಡಿಗೂ ನಡುವೆ ಗಾಳಿಯಾಡುವ ಎಡೆ, ಈ ಮೂರೂ ಅವಶ್ಯಕ. ಆದುದರಿಂದ ಮನೆ ಕಟ್ಟಿಸುವವರು ತಗಡಿನ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ಅದರ ಕೆಳಗೆ ಬರುವುದೇನೆಂಬುದನ್ನು ಮೇಸ್ತ್ರಿಯೊಡನೆ ನಿಶ್ಚಯಿಸಿಕೊಳ್ಳುವುದು ಕ್ಷೇಮ.