ಹಂಪಾಪುರದ ಟಿ.ವಿ.ಯಲ್ಲಿ ವೀರಪ್ಪನ್

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಹಂಪಾಪುರ ಬಂತೆಂದರೆ ಎಚ್.ಡಿ. ಕೋಟೆ ಇನ್ನೇನು ಬಂದಂತೆ. ಹೋಬಳಿ ಕೇಂದ್ರ. ಪಹಣಿಗೆ ಬಂದವರು, ಬಿತ್ತನೆ ಬೀಜಕ್ಕೆ ಬಂದವರು, ಕೋಟೆ ಬಸ್ಸಿಗೆ ಕಾದವರು, ಎಲ್ಲರೂ ರಸ್ತೆ ಬದಿಯ ಟೀ ಅಂಗಡಿಗಳ ಮುಂದೆಯೇ ಸೇರುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಂತೂ ಅಂಡಿಗೆ ಹೇರಿದ ಟೆಂಪೊಗಳು ಅಲ್ಲೇ ಒಂದು ಗಳಿಗೆ ನಿಲ್ಲುತ್ತವೆ. ಚಾಲಕ ಇಳಿದು ಟೀ ಕುಡಿಯುತ್ತಾನೆ, ಚೀಲದ ಹೊಲಿಗೆ ಬಿಚ್ಚಿದ ಕಡೆಯಿಂದ ಹತ್ತಿಯ ಎಳೆಗಳು ರಸ್ತೆಯ ಕೆಸರಿಗೆ ಬೀಳುತ್ತವೆ.

ಅಂಥದೊಂದು ಸಂಜೆ, ಹನಿ ಮಳೆ. ಅಂಗಡಿಯ ಮೂಲೆಯಲ್ಲಿ ಎತ್ತರಕ್ಕೆ ಮೊಳೆ ಹೊಡೆದು ಕೂರಿಸಿದ ಟಿ.ವಿ.ಯಲ್ಲಿ 'ಕಿಲ್ಲಿಂಗ್ ವೀರಪ್ಪನ್' ಓಡುತ್ತಿತ್ತು. ರಾಮ್ ಗೋಪಾಲ್ ವರ್ಮಾ ಕನ್ನಡದಲ್ಲಿ ಮಾಡಿದ ಈ ಚಿತ್ರ ಬಿಡುಗಡೆಯಾದದ್ದು 2016ರ ಜನವರಿ 1ರಂದು. ವಿಶೇಷ ಕಾರ್ಯಪಡೆಯ ಅಧಿಕಾರಿಯಾಗಿ ಶಿವರಾಜ್‌ಕುಮಾರ್, ಕಾಡುಗಳ್ಳ ವೀರಪ್ಪನ್ ಆಗಿ ಸಂದೀಪ್ ಭಾರದ್ವಾಜ್, ಅವನ ಹೆಂಡತಿ ಮುತ್ತುಲಕ್ಷ್ಮಿಯಾಗಿ ಯಜ್ಞಾ ಶೆಟ್ಟಿ. ಶಿವಣ್ಣ ತೆರೆಯ ಮೇಲೆ ಬಂದಾಗ ಹುಡುಗರು ಸಿಳ್ಳೆ ಹಾಕಿದರು. ಸದ್ದು ಪೂರ್ತಿ ನಿಂತದ್ದು ಬೇರೆ ಕಡೆ. ಪಾರುಲ್ ಯಾದವ್ ವಹಿಸಿದ ಪಾತ್ರ ಪೊಲೀಸರ ಪರವಾಗಿ ಮುತ್ತುಲಕ್ಷ್ಮಿಗೆ ಹತ್ತಿರವಾಗಿ, ಅವಳ ನಂಬಿಕೆ ಗಳಿಸಿ, ಬಾಯಿಂದ ಮಾತು ಹೊರಡಿಸುವ ಪ್ರಸಂಗಗಳಲ್ಲಿ ಅಂಗಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತರು. ಬೋಂಡಾ ಎತ್ತುವ ಜಾಲರಿ ಸೌಟು ಕೂಡ ಬಾಣಲೆಯ ಮೇಲೆ ಹಾಗೇ ನಿಂತಿತ್ತು.

ಬೆಂಚಿನ ತುದಿಯಲ್ಲಿ ಒಬ್ಬರು ಹಿರಿಯರು. ಹತ್ತಿ ಕಾಯಿಯ ಒಣ ತೊಟ್ಟು ಚುಚ್ಚಿ ಚುಚ್ಚಿ ಅವರ ಬೆರಳುಗಳ ತುದಿ ಸೀಳಿತ್ತು. ಬಿಸಿ ತಾಕದಂತೆ ಲೋಟವನ್ನು ಅಂಗೈಯಲ್ಲಿ ಕೂರಿಸಿಕೊಂಡು, ಅಂಚನ್ನಷ್ಟೇ ಹೆಬ್ಬೆರಳಿಂದ ಹಿಡಿದಿದ್ದರು. "ಈಯಮ್ಮ ಸಿಕ್ಕಾಕೊಂಡ್ರೆ ಏನ್ಲಾ ಗತಿ?" ಎಂದರು. "ಪೊಲೀಸ್ರು ಅವ್ರಲ್ಲ ತಾತ," ಎಂದ ಪಕ್ಕದ ಹುಡುಗ. "ಪೊಲೀಸ್ರು ಕೆಲ್ಸ ಆದ್ಮೇಲೆ ಕ್ಯಾಂಪಿಗೆ ಹೋಯ್ತಾರೆ ಕಣ್ಲಾ. ಸುದ್ದಿ ಕೊಟ್ಟೋರು ಊರಲ್ಲೇ ಇರ್ಬೇಕು."

ವೀರಪ್ಪನ್ ಕುರಿತ ಚಿತ್ರಗಳನ್ನು ನಾನು ಬಿಡದೆ ನೋಡಿದ್ದೇನೆ. ಅವನಿನ್ನೂ ಕಾಡಿನಲ್ಲಿದ್ದಾಗಲೇ ದೇವರಾಜ್ ಅಭಿನಯದ 'ವೀರಪ್ಪನ್' ಬಂತು. 2013ರಲ್ಲಿ ಎ.ಎಂ.ಆರ್. ರಮೇಶ್ ಅವರ 'ಅಟ್ಟಹಾಸ' ಬಂತು, ಅದರಲ್ಲಿ ಕಿಶೋರ್ ವೀರಪ್ಪನ್ ಆದರು. ಒಂದೊಂದರಲ್ಲೂ ಮೀಸೆ ಇದೆ, ಆನೆಯ ದಂತವಿದೆ, ಬಂದೂಕಿದೆ, ಅಧಿಕಾರಿಯ ಛಲವಿದೆ. ಆ ಹಿರಿಯರು ಕೇಳಿದ ಪ್ರಶ್ನೆ ಮಾತ್ರ ಯಾವುದರಲ್ಲೂ ಕಥೆಯ ನಡುವಿಗೆ ಬಂದಿಲ್ಲ. ಸುದ್ದಿ ಕೊಟ್ಟವನು ಬರುತ್ತಾನೆ, ಗುಟ್ಟು ಹೇಳುತ್ತಾನೆ, ಕಥೆ ಅವನನ್ನು ಬಿಟ್ಟು ಕಾಡಿನೊಳಕ್ಕೆ ನುಗ್ಗುತ್ತದೆ.

ಹಂಪಾಪುರದ ಹಿರಿಯರಿಗೆ ಸುದ್ದಿ ಕೊಟ್ಟವರ ಪಾಡು ಗೊತ್ತಿರುವುದಕ್ಕೆ ಕಾರಣ ಸಿನಿಮಾ ಅಲ್ಲ. ಈ ಕಡೆಯ ಊರುಗಳಿಗೆ ಮಲೆ ಮಾದಪ್ಪ ಮನೆದೇವರು. ಅಮಾವಾಸ್ಯೆಗೆ, ಶಿವರಾತ್ರಿಗೆ, ದೀಪಾವಳಿಗೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುವುದು ತಲೆಮಾರುಗಳಿಂದ ನಡೆದು ಬಂದದ್ದು. ಕೊಳ್ಳೇಗಾಲ ದಾಟಿ, ಹನೂರು ದಾಟಿ, ಕೌದಳ್ಳಿ ಕಳೆದರೆ ತಾಳಬೆಟ್ಟ. ಅಲ್ಲಿಂದ ಮೇಲಕ್ಕೆ ತಿರುವು ತಿರುವಿನ ದಾರಿ. ಬೆಟ್ಟದಿಂದ ಆಚೆಗೆ ಇಳಿದರೆ ಪಾಲಾರ್, ಅದರಾಚೆ ಒಂದು ಕಡೆ ಮೆಟ್ಟೂರು, ಇನ್ನೊಂದು ಕಡೆ ವೀರಪ್ಪನ್ ಹುಟ್ಟಿದ ಗೋಪಿನಾಥಂ. ತೊಂಬತ್ತರ ದಶಕದಲ್ಲಿ ಈ ದಾರಿಯಲ್ಲಿ ಹೋದ ಭಕ್ತರು ಬಸ್ಸಿನ ಕಿಟಕಿಯಿಂದ ಕಂಡದ್ದು ತಪಾಸಣೆಯ ಗೇಟು, ಮರಳು ಮೂಟೆ, ಹಸಿರು ಬಟ್ಟೆಯ ಸಶಸ್ತ್ರ ಜನ. ಬಸ್ ನಿಲ್ಲಿಸಿ ಚೀಲ ಬಿಚ್ಚಿಸುತ್ತಿದ್ದರು. ಮಾದಪ್ಪನಿಗೆ ಒಯ್ಯುವ ಅಕ್ಕಿ ಬೇಳೆಯ ಗಂಟನ್ನೂ ಮುಟ್ಟಿ ನೋಡುತ್ತಿದ್ದರು. ಕಾಡಿಗೆ ಹೋಗುವ ಒಂದು ಸೇರು ಅಕ್ಕಿಯೂ ಆಗ ಅನುಮಾನಕ್ಕೆ ಸಾಕಿತ್ತು.

ಆಗ ಚಾಮರಾಜನಗರ ಜಿಲ್ಲೆ ಹುಟ್ಟಿರಲಿಲ್ಲ. 1997ರವರೆಗೂ ಕೊಳ್ಳೇಗಾಲವೂ ಕೋಟೆಯೂ ಒಂದೇ ಮೈಸೂರು ಜಿಲ್ಲೆ, ಎರಡಕ್ಕೂ ಒಬ್ಬರೇ ಎಸ್.ಪಿ. 1992ರಲ್ಲಿ ಆ ಕುರ್ಚಿಯಲ್ಲಿದ್ದವರು ಟಿ. ಹರಿಕೃಷ್ಣ. ಅವರ ಜೊತೆಗೆ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, ಎದೆಗಾರಿಕೆಯ ಯುವ ಅಧಿಕಾರಿ. ವೀರಪ್ಪನ್‌ನ ಬಲಗೈಯಂತಿದ್ದ ಗುರುನಾಥನ್ ಪೊಲೀಸರ ಕೈಯಲ್ಲಿ ಸತ್ತದ್ದಕ್ಕೆ ಸೇಡೆಂದು ತಂಡ ಮೇ 19ರ ರಾತ್ರಿ ರಾಮಾಪುರ ಠಾಣೆಯ ಮೇಲೆ ಬಿದ್ದು ಐವರು ಪೊಲೀಸರನ್ನು ಕೊಂದಿತ್ತು. ಮೂರು ತಿಂಗಳ ಒಳಗೆ, ಆಗಸ್ಟ್ 14ರಂದು, ಮೀಣ್ಯದ ಬಳಿ ಹೊಂಚು ಹಾಕಿ ಹರಿಕೃಷ್ಣ, ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದ ಪೊಲೀಸರನ್ನು ಹೊಡೆದರು. ಅಧಿಕಾರಿಗಳನ್ನು ಆ ದಾರಿಗೆ ಕರೆದದ್ದು ಒಬ್ಬ ಬಾತ್ಮೀದಾರನ ಸುದ್ದಿ. ಅವನು ಮೊದಲು ನಿಜವಾಗಿಯೇ ಪೊಲೀಸರ ಪರ ಕೆಲಸ ಮಾಡಿದ್ದವನು. ತಂಡ ಅವನನ್ನು ಹಿಡಿದು, ಹೆದರಿಸಿ, ಅವನ ಬಾಯಿಂದಲೇ ಸುಳ್ಳು ಸುದ್ದಿ ಕಳಿಸಿತು.

ಪತ್ತೇದಾರಿ ಚಿತ್ರ ಬರೆಯುವವರು ಇಲ್ಲಿ ನಿಲ್ಲಬೇಕು. ಗುಡ್ಡದ ಬುಡದ ಒಬ್ಬ ಮನುಷ್ಯ. ಒಂದು ಕಡೆಯವರು ಅವನ ಸುದ್ದಿಯನ್ನು ನಂಬಿ ಹೊರಟಿದ್ದಾರೆ. ಇನ್ನೊಂದು ಕಡೆಯವರು ಅವನ ಬೆನ್ನ ಹಿಂದೆ ಬಂದೂಕು ಹಿಡಿದು ನಿಂತಿದ್ದಾರೆ. ಹೇಳಿದರೆ ಅಧಿಕಾರಿಗಳ ಸಾವು, ಹೇಳದಿದ್ದರೆ ತನ್ನದು. ಇದಕ್ಕಿಂತ ಬಿಗಿಯಾದ ಸನ್ನಿವೇಶವನ್ನು ಯಾರು ತಾನೇ ಕಲ್ಪಿಸಿ ಬರೆಯಬಲ್ಲರು?

ಅದಕ್ಕೂ ಒಂಬತ್ತು ತಿಂಗಳ ಹಿಂದೆ ಇಂಥದೇ ಒಂದು ಸುದ್ದಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕಾಡಿಗೆ ಕರೆದಿತ್ತು. ಗೋಪಿನಾಥಂನಲ್ಲಿ ಔಷಧಿಯ ವ್ಯವಸ್ಥೆ ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಬಂದೂಕಿಲ್ಲದೆ ಜನರ ಮನಸ್ಸು ಗೆಲ್ಲಲು ಹೊರಟಿದ್ದ ಅಪರೂಪದ ವ್ಯಕ್ತಿ ಅವರು. ವೀರಪ್ಪನ್ ಶರಣಾಗುತ್ತಾನೆ ಎಂಬ ಮಾತು ಅವನ ತಮ್ಮ ಅರ್ಜುನನ್ ಮೂಲಕ ಬಂತು. ಶ್ರೀನಿವಾಸ್ ಆಯುಧವಿಲ್ಲದೆ ಹೋದರು. 1991ರ ನವೆಂಬರ್ 10ರಂದು ಅವರ ತಲೆ ಕಡಿದರು. ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರ ಕೊಟ್ಟಿತು. ಗೋಪಿನಾಥಂನ ಜನ ಇವತ್ತಿಗೂ ಅವರನ್ನು ದೇವರ ಜೊತೆಗಿಟ್ಟು ನೆನೆಯುತ್ತಾರೆ, ಅದೂ ಅವರನ್ನು ಕೊಂದವನ ಊರಿನಲ್ಲಿ. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಇನ್ನು ಪಾಲಾರ್. 1993ರ ಏಪ್ರಿಲ್ 9. ಗಟ್ಟಿ ಮೈಕಟ್ಟಿನಿಂದ 'ರ‍್ಯಾಂಬೊ' ಎಂದೇ ಹೆಸರಾದ ತಮಿಳುನಾಡಿನ ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ತಮ್ಮ ತಂಡದೊಂದಿಗೆ ಹೊರಟಿದ್ದಾರೆ. ದಾರಿ ತೋರಿಸಲು ಜೊತೆಗೆ ಸ್ಥಳೀಯರು. ರಸ್ತೆಯಡಿ ಹುಗಿದಿದ್ದ ಸಿಡಿಮದ್ದು ಸಿಡಿದು ವಾಹನ ನುಚ್ಚುನೂರಾಯಿತು. 22 ಜನ ಸತ್ತರು. ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡು ಬದುಕಿದರು. ಆ 22ರಲ್ಲಿ ಪೊಲೀಸರು 5, ಅರಣ್ಯ ಕಾವಲುಗಾರರು 2. ಉಳಿದ 15 ಮಂದಿ ಬಾತ್ಮೀದಾರರು.

ನಮಗೆ ನೆನಪಿರುವ ಹೆಸರು ರ‍್ಯಾಂಬೊ ಒಂದೇ. ಆ 15 ಮಂದಿಗೆ ಸಮವಸ್ತ್ರವಿರಲಿಲ್ಲ, ಸಂಬಳದ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕಾಡಿನ ಜಾಡು ಬಲ್ಲವರೆಂಬ ಒಂದೇ ಕಾರಣಕ್ಕೆ ಅವರು ಆ ವಾಹನ ಹತ್ತಿದ್ದರು. ಜಾಡು ಬಲ್ಲದ್ದು ಹೇಗೆ? ದನ ಮೇಯಿಸಿ, ಸೌದೆ ಹೊತ್ತು, ಬಿದಿರು ಕಡಿದು, ಕೆಲವರು ಹಿಂದೊಮ್ಮೆ ಗಂಧದ ಕೆಲಸಕ್ಕೂ ಹೋಗಿ. ಅದೇ ತಿಳಿವಳಿಕೆ ಅವರನ್ನು ಪೊಲೀಸರಿಗೆ ಬೇಕಾದವರನ್ನಾಗಿ ಮಾಡಿತು, ಅದೇ ಅವರನ್ನು ಕೊಲ್ಲಿಸಿತು.

ವೀರಪ್ಪನ್ ಬಾತ್ಮೀದಾರರೆಂಬ ಬರೀ ಶಂಕೆಯಿಂದಲೇ ಎಷ್ಟೋ ಬಡವರನ್ನು ಕೊಂದ. ಅವನನ್ನು ವೀರನೆಂದು ಹಾಡುವವರು ಇದನ್ನು ಮರೆಯಬಾರದು. ಇನ್ನೊಂದು ದಡದಲ್ಲಿ, ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಕಾರ್ಯಪಡೆ ಎಳೆದೊಯ್ದವರ ಕಥೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಹಳ್ಳಿಗಳ ಗಂಡಸರು, ಹೆಂಗಸರು ಅದರ ಮುಂದೆ ಬಂದು ತಮ್ಮ ಮೈಮೇಲೆ ನಡೆದದ್ದನ್ನು ಹೇಳಿಕೊಂಡರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಭಯೋತ್ಪಾದನೆ ತಡೆಯುವ ಟಾಡಾ ಕಾಯಿದೆಯಡಿ ಮೈಸೂರಿನ ಜೈಲಿಗೆ ಬಂದವರಲ್ಲಿ ಬಹುತೇಕರು 2001ರ ತೀರ್ಪಿನಲ್ಲಿ ಖುಲಾಸೆಯಾದರು, ಆದರೆ ಅಷ್ಟರಲ್ಲಿ ಅವರ ಬಾಳಿನ ಎಂಟು ವರ್ಷ ಕಳೆದಿತ್ತು. ಅವರ ಜೈಲು ಇದ್ದದ್ದು ಹಂಪಾಪುರದವರು ಸಂತೆಗೆ, ಆಸ್ಪತ್ರೆಗೆ ಹೋಗಿ ಬರುವ ಊರಿನಲ್ಲೇ. ಸುದ್ದಿ ಕೊಟ್ಟವರಿಗೆ ಕಾಡಿನವರ ಭಯ, ಕೊಡದವರಿಗೆ ಕ್ಯಾಂಪಿನವರ ಭಯ.

ಬೇರೆ ನಾಡಿನವರು ಇಂಥವರನ್ನು ಕಥೆಯ ನಡುವೆ ನಿಲ್ಲಿಸಿದ್ದಾರೆ. ಜಾನ್ ಫೋರ್ಡ್‌ನ 'ದಿ ಇನ್‌ಫಾರ್ಮರ್' 1935ರ ಚಿತ್ರ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹಸಿದ, ಕೆಲಸವಿಲ್ಲದ ಜಿಪೊ ನೋಲನ್ ಇಪ್ಪತ್ತು ಪೌಂಡಿನ ಆಸೆಗೆ ಬಂಡುಕೋರ ಗೆಳೆಯನನ್ನು ಹಿಡಿದು ಕೊಡುತ್ತಾನೆ. ಗೆಳೆಯ ಬೇಗ ಸಾಯುತ್ತಾನೆ. ಉಳಿದ ಇಡೀ ಚಿತ್ರ ನೋಲನ್‌ನ ಒಂದು ರಾತ್ರಿ: ಆ ಹಣ ಕೈಯಲ್ಲಿ ಕರಗುವುದು, ಕುಡಿತ, ಭಯ, ಪಾಪಪ್ರಜ್ಞೆ. ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದಿಲ್ಲ. 2008ರ 'ಫಿಫ್ಟಿ ಡೆಡ್ ಮೆನ್ ವಾಕಿಂಗ್' ಐರ್ಲೆಂಡಿನ ಬಂಡುಕೋರ ಸಂಘಟನೆ ಐ.ಆರ್.ಎ. ಒಳಗಿದ್ದುಕೊಂಡು ಬ್ರಿಟಿಷ್ ಪೊಲೀಸರಿಗೆ ಸುದ್ದಿ ಮುಟ್ಟಿಸಿದ ಯುವಕನೊಬ್ಬನ ಕಥೆ, ನಿಜ ಬದುಕಿನಿಂದ ಎತ್ತಿದ್ದು. ಅಲ್ಲಿಯೂ ನಾಯಕ ಅವನೇ. ನಮ್ಮಲ್ಲಿ ಆ ಜಾಗಕ್ಕೆ ಅಧಿಕಾರಿ ಇಲ್ಲವೇ ಕಳ್ಳ, ಇಬ್ಬರೇ.

ವರ್ಮಾ ಚಿತ್ರದ ಹೆಚ್ಚುಗಾರಿಕೆಯನ್ನೂ ಹೇಳಬೇಕು. ಬೇಟೆಯನ್ನು ಅವರು ಕಾಡಿನಿಂದ ಒಂದಿಷ್ಟು ಹೊರಕ್ಕೆ ತಂದರು. ಮಾತು, ನಂಟು, ನಂಬಿಕೆಯ ಮೂಲಕ ಬಲೆ ಹೆಣೆಯುವುದನ್ನು ತೋರಿಸಿದರು. ನಡೆದದ್ದೂ ಹಾಗೆಯೇ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಸತ್ತಾಗ ಅವನು ಕೂತಿದ್ದದ್ದು ಆಂಬುಲೆನ್ಸಿನಲ್ಲಿ. ಕಣ್ಣು ಮಂಜಾಗಿ ಚಿಕಿತ್ಸೆಗೆ ಹೊರಟಿದ್ದ. ಹೆಸರಾಂತ ಆ ಮೀಸೆಯನ್ನು ಗುರುತು ಸಿಗದಂತೆ ಕತ್ತರಿಸಿದ್ದ. ಗಾಡಿ ಓಡಿಸುತ್ತಿದ್ದವನು ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆಯ ಪೊಲೀಸ್. ನಂಬಿದ ಚಾಲಕ ಗಾಡಿ ನಿಲ್ಲಿಸಿ ಇಳಿದು ಓಡಿದ ಮೇಲೆಯೇ ಒಳಗಿದ್ದ ನಾಲ್ವರಿಗೂ ಸಂಗತಿ ತಿಳಿದದ್ದು.

ಎರಡು ರಾಜ್ಯಗಳು ಕಾರ್ಯಪಡೆ ಕಟ್ಟಿದ್ದು 1990ರಲ್ಲಿ. ಆ ಹದಿನಾಲ್ಕು ವರ್ಷಗಳಲ್ಲಿ ತಂಡದ ಹತ್ತಿರಕ್ಕೆ ಹೋಗುವ ಅಪಾಯವನ್ನು ಬಹುಪಾಲು ಹೊತ್ತವರು ಹಳ್ಳಿಗರು. ಕೊನೆಯ ರಾತ್ರಿ ಆ ಸೀಟಿನಲ್ಲಿ ಪೊಲೀಸನೇ ಕೂತ. ನನ್ನ ಮಟ್ಟಿಗೆ ಕಾರ್ಯಾಚರಣೆಯ ಅತ್ಯಂತ ದೊಡ್ಡ ಸಂಗತಿ ಗುಂಡಿನ ಸದ್ದಲ್ಲ, ಇದು. ಗೆದ್ದ ಮೇಲೆ ತಮಿಳುನಾಡು ಸರ್ಕಾರ ಕಾರ್ಯಪಡೆಯವರಿಗೆ ತಲಾ ಮೂರು ಲಕ್ಷ ರೂಪಾಯಿ, ಮನೆ ನಿವೇಶನ, ಬಡ್ತಿ ಘೋಷಿಸಿತು. ಅವರಿಗೆ ಅದು ಸಲ್ಲಬೇಕಾದದ್ದೇ.

ಕೋಟೆ ಸೀಮೆಗೂ ಸುದ್ದಿ ಕೊಡುವ ಈ ಕೆಲಸ ಹೊಸದಲ್ಲ. ಹಂಪಾಪುರದಿಂದ ತೆಂಕಲಿಗೆ ನಡೆದರೆ ಅಂತರಸಂತೆಯಾಚೆ ನಾಗರಹೊಳೆಯ ಕಾಡು, ಬಂಡೀಪುರದ ಅಂಚು. ಹಾಡಿಗಳ ಜೇನುಕುರುಬರು, ಕಾಡುಕುರುಬರು ಅರಣ್ಯ ಇಲಾಖೆಯ ಕ್ಯಾಂಪುಗಳಲ್ಲಿ ವಾಚರ್‌ಗಳಾಗಿ ದುಡಿಯುತ್ತಾರೆ. ಜಿಂಕೆಗೆ ಉರುಳು ಇಟ್ಟವರು ಯಾರು, ಬೇಲಿಗೆ ಕರೆಂಟ್ ಹರಿಸಿದವರು ಯಾರು ಎಂದು ಸಾಹೇಬರು ಕೇಳುವುದು ಇವರನ್ನೇ. ಹೇಳಬೇಕಾದ ಹೆಸರು ಎಷ್ಟೋ ಸಲ ಪಕ್ಕದ ಊರಿನದು. ಒಂದೇ ಬಸ್ಸಿನಲ್ಲಿ ಕೂತು ಸಂತೆಗೆ ಹೋಗುವವರ ಹೆಸರು.

2023ರಲ್ಲಿ ಸೆಲ್ವಮಣಿ ಸೆಲ್ವರಾಜ್ ನಿರ್ದೇಶನದ 'ದಿ ಹಂಟ್ ಫಾರ್ ವೀರಪ್ಪನ್' ಎಂಬ ನಾಲ್ಕು ಕಂತಿನ ಸಾಕ್ಷ್ಯಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅಧಿಕಾರಿಗಳ ಜೊತೆಗೆ ಆ ಕಡೆಯ ಜನರೂ ತಮ್ಮ ಮಾತಿನಲ್ಲೇ ಮಾತಾಡಿದರು. ನಮ್ಮ ಚಿತ್ರಕಥೆ ಬರೆಯುವವರು ಅಲ್ಲಿಂದ ಮುಂದಕ್ಕೆ ಹೋಗಬೇಕು. ಗೋಪಿನಾಥಂ, ಮೀಣ್ಯ, ರಾಮಾಪುರ, ಪಾಲಾರ್ ಸುತ್ತಿನ ಊರುಗಳಲ್ಲಿ ಕೂತು, ತಮಿಳೂ ಕನ್ನಡವೂ ಬೆರೆತ ಆ ಮಾತನ್ನು ಕಿವಿಗೊಟ್ಟು ಕೇಳಬೇಕು. ವಾಹನ ಹತ್ತುವ ಮುನ್ನ ಆ ಬಾತ್ಮೀದಾರರು ಮನೆಯಲ್ಲಿ ಏನು ಹೇಳಿ ಹೊರಟರು, ಆಮೇಲೆ ಊರಿನವರು ಆ ಮನೆಯವರ ಜೊತೆ ಮಾತಾಡಿದರೇ, ನೀರಿನ ಬಾವಿಯ ಹತ್ತಿರ ಯಾರು ಮುಖ ತಿರುಗಿಸಿದರು ಎಂದು ವಿಚಾರಿಸಬೇಕು. ಇದಕ್ಕೆ ಹೆಚ್ಚು ಕಾಲವಿಲ್ಲ. ಪಾಲಾರ್ ಸ್ಫೋಟದ ವರ್ಷ ಇಪ್ಪತ್ತರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಈಗ ಐವತ್ತು ದಾಟಿದೆ. ಅವಳ ಅತ್ತೆ ಮಾವಂದಿರು ಬದುಕಿದ್ದರೆ ಎಂಬತ್ತರ ಆಸುಪಾಸಿನಲ್ಲಿರುತ್ತಾರೆ. ಈ ವರ್ಷವೇ ಹೊರಡುವುದು ಒಳ್ಳೆಯದು.