ಪ್ರಶ್ನೆ ಕೇಳುವುದೂ ಒಂದು ವಿದ್ಯೆ

ಮಕ್ಕಳು ಹಿರಿಯರನ್ನು ಪ್ರಶ್ನಿಸಿದರೆ ಅದನ್ನು ಅವಿಧೇಯತೆಯೆಂದು ಬಗೆಯುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಹಿರಿಯರ ಮೇಲಣ ಗೌರವವೂ ಸತ್ಯವನ್ನು ಅರಸುವ ಮನಸ್ಸೂ ಒಂದೇ ಹೃದಯದಲ್ಲಿ ನೆಲೆಸಲಾರವೆ? ಅಮೆರಿಕದ ಒಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಇದಕ್ಕೆ ತಮ್ಮ ನಡತೆಯಿಂದಲೇ ಉತ್ತರವಿತ್ತಿದ್ದಾರೆ.

ಆ ದೇಶದ ಅನೇಕ ಪ್ರೌಢಶಾಲೆಗಳಲ್ಲಿ ಪತ್ರಿಕೋದ್ಯಮವೂ ಒಂದು ಪಾಠವಿಷಯ. ವಿದ್ಯಾರ್ಥಿಗಳೇ ಸುದ್ದಿ ಸಂಗ್ರಹಿಸಿ, ಬರೆದು, ತಿದ್ದಿ, ಶಾಲೆಯ ಪತ್ರಿಕೆಯನ್ನು ಹೊರತರುತ್ತಾರೆ. ಕ್ಯಾನ್ಸಸ್ ರಾಜ್ಯದ ಪಿಟ್ಸ್‌ಬರ್ಗ್ ಪ್ರೌಢಶಾಲೆಯಲ್ಲಿ ಅಂಥ ಪತ್ರಿಕೆಯ ಹೆಸರು 'ಬೂಸ್ಟರ್ ರಿಡಕ್ಸ್'. 2017ರ ಮಾರ್ಚ್ ತಿಂಗಳಲ್ಲಿ ಆ ಶಾಲೆಗೆ ಹೊಸ ಪ್ರಾಂಶುಪಾಲೆಯೊಬ್ಬರ ನೇಮಕವಾಯಿತು. ಅವರನ್ನು ಪರಿಚಯಿಸುವ ಲೇಖನವೊಂದನ್ನು ಬರೆಯಲು ವಿದ್ಯಾರ್ಥಿಗಳು ಹೊರಟರು. ಅವರ ಉನ್ನತ ಪದವಿಗಳನ್ನು ನೀಡಿದ್ದೆನ್ನಲಾದ ವಿಶ್ವವಿದ್ಯಾನಿಲಯದ ಅಂತರಜಾಲ ತಾಣವೇ ತೆರೆಯಲಿಲ್ಲ. ಮತ್ತಷ್ಟು ಹುಡುಕಿದಾಗ, ಆ ಸಂಸ್ಥೆಗೆ ಮಾನ್ಯತೆಯಿತ್ತೆಂಬುದಕ್ಕೆ ಆಧಾರ ದೊರೆಯಲಿಲ್ಲ.

ಇಲ್ಲಿಯವರೆಗೆ ಅವರ ಕೈಯಲ್ಲಿದ್ದುದು ಸಂಶಯ ಮಾತ್ರ. ಸಂಶಯವು ಜ್ಞಾನವಲ್ಲ, ಜ್ಞಾನದ ಬಾಗಿಲು ಅಷ್ಟೆ. ಆ ಬಾಗಿಲಲ್ಲೇ ನಿಂತು ಊರಿಗೆಲ್ಲ ಸಾರಿದ್ದರೆ ಅದು ಚಾಡಿಯಾಗುತ್ತಿತ್ತು. ವಿದ್ಯಾರ್ಥಿಗಳು ಹಾಗೆ ಮಾಡಲಿಲ್ಲ. ದೂರವಾಣಿಯ ಮೂಲಕ ಆ ಮಹಿಳೆಯನ್ನೇ ಸಂಪರ್ಕಿಸಿ ವಿವರಣೆ ಕೇಳಿದರು. ದೊರೆತ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ತರಗತಿಯ ಅಧ್ಯಾಪಕಿ ಸ್ವತಃ ನೇಮಕಾತಿ ಸಮಿತಿಯಲ್ಲಿದ್ದವರು. ಆದ್ದರಿಂದ ಅವರು ಈ ಲೇಖನದ ಮಾರ್ಗದರ್ಶನದಿಂದ ದೂರ ಸರಿದು, ಹೊರಗಿನ ತಜ್ಞರ ನೆರವು ಒದಗಿಸಿದರು. ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚೆನ್ನಾಗಿ ನಿಷ್ಪಕ್ಷಪಾತವನ್ನು ಬೋಧಿಸಲಾರದು. ಮಾರ್ಚ್ 31ರಂದು ಲೇಖನ ಪ್ರಕಟವಾಯಿತು. ಏಪ್ರಿಲ್ 4ರಂದು ಪ್ರಾಂಶುಪಾಲೆ ರಾಜೀನಾಮೆ ನೀಡಿದರು.

ತಮ್ಮ ಶಾಲೆಯ ಚುಕ್ಕಾಣಿ ಹಿಡಿಯುವವರು ಅದಕ್ಕೆ ಅರ್ಹರೆಂಬ ಭರವಸೆ ತಮಗೆ ಬೇಕಿತ್ತೆಂದು ಆ ತಂಡದ ವಿದ್ಯಾರ್ಥಿನಿಯೊಬ್ಬಳು ಬಳಿಕ ಹೇಳಿದಳು. ಈ ಮಾತಿನಲ್ಲಿ ಹಿರಿಯರನ್ನು ಉರುಳಿಸುವ ಹಂಬಲವಿಲ್ಲ; ಶಾಲೆಯ ಮೇಲಣ ಮಮತೆಯಿದೆ.

ಇದರ ಹಿಂದೆ ಒಂದು ಇತಿಹಾಸವೂ ಇದೆ. 1983ರಲ್ಲಿ ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ಪ್ರಾಂಶುಪಾಲರು ಪತ್ರಿಕೋದ್ಯಮ ತರಗತಿಯ ಪತ್ರಿಕೆಯಿಂದ ಎರಡು ಪುಟಗಳನ್ನು ತೆಗೆದುಹಾಕಿದರು. ಹೆಸರು ಮರೆಮಾಚಿದ್ದರೂ ಗರ್ಭಿಣಿ ವಿದ್ಯಾರ್ಥಿನಿಯರ ಗುರುತು ಬಯಲಾದೀತು, ವಿಚ್ಛೇದನದ ಲೇಖನದಲ್ಲಿ ತಂದೆಯ ಮಾತನ್ನು ಕೇಳಿಲ್ಲ ಎಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದುದು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು 5–3ರ ಬಹುಮತದಿಂದ ಶಾಲೆಯ ಪರವಾಗಿ ತೀರ್ಪಿತ್ತಿತು. ಕ್ಯಾನ್ಸಸ್ ರಾಜ್ಯವಾದರೋ 1992ರಲ್ಲಿ ವಿದ್ಯಾರ್ಥಿ ಪತ್ರಿಕೆಗಳ ಸ್ವಾತಂತ್ರ್ಯವನ್ನು ಕಾಪಾಡುವ ಕಾನೂನನ್ನೇ ರಚಿಸಿತು. ಪುಟಗಳನ್ನು ಕಿತ್ತುಹಾಕಿದ್ದು ಸರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ದುರ್ಬಲರ ಮಾನವನ್ನು ಕಾಯಬೇಕು, ಆಪಾದಿತರ ಮಾತನ್ನೂ ಆಲಿಸಬೇಕು ಎಂಬ ಪಾಠಗಳು ಎರಡೂ ಪಕ್ಷಗಳಿಗೆ ಸಲ್ಲುವಂಥವು. ಕಾನೂನು ಸ್ವಾತಂತ್ರ್ಯವನ್ನು ಕೊಡಬಲ್ಲದು. ಅದನ್ನು ಹೊಣೆಯರಿತು ಬಳಸುವುದನ್ನು ತರಗತಿಯೇ ಕಲಿಸಬೇಕು.

ತರಗತಿ ಮಾತ್ರವೇ? ಮನೆಯೂ ಕಲಿಸಬೇಕು. ಇಂದು ಪ್ರತಿಯೊಬ್ಬರ ಅಂಗೈಯಲ್ಲೂ ಒಂದು ಅಚ್ಚುಕೂಟವಿದೆ. ನೆರೆಮನೆಯವರ ಕುರಿತಾದ ಮಾತೊಂದು ಅರೆಗಳಿಗೆಯಲ್ಲಿ ನೂರು ಮನೆಗಳನ್ನು ಮುಟ್ಟುತ್ತದೆ. ಹೋದ ಮಾನ ಮಾತ್ರ ಅಷ್ಟು ಬೇಗ ಹಿಂದಿರುಗದು. ಪ್ರಿಯ ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ಇಂಥದೊಂದು ಸುದ್ದಿಯನ್ನು ಹೊತ್ತು ತಂದಾಗ ಗದರಿಸಿ ಬಾಯಿ ಮುಚ್ಚಿಸಬೇಡಿರಿ, ಚಪ್ಪರಿಸಿ ಕೇಳಲೂ ಬೇಡಿರಿ. "ಇದನ್ನು ಕಂಡವರು ಯಾರು? ಅವರನ್ನೇ ಕೇಳಿ ನೋಡಿದೆಯಾ?" ಎಂದಷ್ಟೇ ವಿಚಾರಿಸಿರಿ. ಹಾಗೆಯೇ ನಾಳೆ ಅದೇ ಪ್ರಶ್ನೆಯನ್ನು ಮಕ್ಕಳು ನಮಗೆ ಕೇಳಿದರೆ, ಕೋಪಿಸಿಕೊಳ್ಳದೆ ಉತ್ತರಿಸುವ ದೊಡ್ಡತನ ನಮ್ಮಲ್ಲಿರಲಿ.